ಪಾರ್ಕಿಗೆ ಬೀಗ ಬಿದ್ದಿದೆ, ಕೆಲಸವೂ ನಿಂತಿದೆ: ಯಾರನ್ನು ಕೇಳಬೇಕು, ಏನನ್ನು ಕೇಳಬೇಕು?

ಪ್ರಶ್ನೆ: ತುಮಕೂರಿನಲ್ಲಿ ನಮ್ಮ ಬಡಾವಣೆಯ ಪಾರ್ಕಿಗೆ ‘ಅಭಿವೃದ್ಧಿ ಕಾಮಗಾರಿ’ ಎಂದು ಬೀಗ ಹಾಕಿ ಎಂಟು ತಿಂಗಳಾಯಿತು. ಮೊದಲ ಮೂರು ತಿಂಗಳು ಕೆಲಸ ನಡೆಯಿತು. ಆಮೇಲೆ ಕೂಲಿಯವರೂ ಇಲ್ಲ, ಕಂಟ್ರಾಕ್ಟರೂ ಇಲ್ಲ. ಗೇಟಿನ ಸಂದಿಯಿಂದ ನೋಡಿದರೆ ನಡಿಗೆ ದಾರಿ, ಜಿಮ್ ಸಾಮಾನು ಎಲ್ಲ ಬಂದಿರುವಂತೆ ಕಾಣುತ್ತದೆ. ಕೇಳಿದರೆ ‘ಉದ್ಘಾಟನೆ ಆಗಬೇಕು’ ಎಂದು ಒಬ್ಬರು, ‘ಬಿಲ್ ಆಗಿಲ್ಲ’ ಎಂದು ಇನ್ನೊಬ್ಬರು ಹೇಳುತ್ತಾರೆ. ಹಿರಿಯರು ವಾಹನಗಳ ನಡುವೆ ರಸ್ತೆಯಲ್ಲೇ ವಾಕಿಂಗ್ ಮಾಡುತ್ತಿದ್ದಾರೆ. ಪಾರ್ಕ್ ಮುಚ್ಚುವ ಅಧಿಕಾರ ಯಾರಿಗಿದೆ? ಅದರ ಮೇಲೆ ನಿಗಾ ಇಡುವವರು ಯಾರು? ತೆರೆಸುವುದು ಹೇಗೆ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಕಟ್ಟುವ ಕೆಲಸ ಬಹುಪಾಲು ಮುಗಿದಿದೆ, ವಹಿಸಿಕೊಳ್ಳುವ ಕೆಲಸ ನಡೆದಿಲ್ಲ. ಪಾರ್ಕುಗಳು ತಿಂಗಳುಗಟ್ಟಲೆ ಮುಚ್ಚಿರುವುದಕ್ಕೆ ಸಾಮಾನ್ಯ ಕಾರಣವೇ ಇದು. ಸಿಮೆಂಟು, ಕಲ್ಲು, ಹುಲ್ಲುಹಾಸು ಹೇಗೋ ಆಗುತ್ತವೆ. ಯಾರು ನೀರು ಹಾಕಬೇಕು, ಯಾರು ಗೇಟು ತೆಗೆಯಬೇಕು, ಕರೆಂಟ್ ಬಿಲ್ ಯಾರು ಕಟ್ಟಬೇಕು ಎಂಬುದು ಕಾಗದದ ಮೇಲೆ ತೀರ್ಮಾನವಾಗಿರುವುದಿಲ್ಲ. ಹಾಗಾಗಿ ‘ದಯವಿಟ್ಟು ಬೇಗ ತೆರೆಯಿರಿ’ ಎಂಬ ಮನವಿಗೆ ಯಾವ ಮೇಜಿನ ಮೇಲೂ ಕಡತ ಅಲುಗಾಡುವುದಿಲ್ಲ. ಮೂರು ಕಾಗದಗಳನ್ನು ಹೆಸರು ಹೇಳಿ ಕೇಳಿ: ಮುಚ್ಚಿದ ಆದೇಶ, ಕಾಮಗಾರಿ ಮುಗಿಯಬೇಕಿದ್ದ ದಿನಾಂಕ ಇರುವ ಕಾರ್ಯಾದೇಶ, ನಿರ್ವಹಣೆಗೆ ವಹಿಸಿಕೊಟ್ಟ ಪತ್ರ. ಈ ಮೂರರಲ್ಲಿ ಯಾವುದು ಇಲ್ಲವೋ ಅಲ್ಲೇ ನಿಮ್ಮ ಪಾರ್ಕ್ ಸಿಕ್ಕಿಕೊಂಡಿರುತ್ತದೆ.

ಮೊದಲು ಪಾರ್ಕ್ ಯಾರದು ಎಂಬುದನ್ನು ಖಚಿತ ಮಾಡಿಕೊಳ್ಳಿ. ಇಲ್ಲಿ ತಪ್ಪಿದರೆ ಅರ್ಜಿ ಕಚೇರಿಯಿಂದ ಕಚೇರಿಗೆ ತಿರುಗುತ್ತಲೇ ಇರುತ್ತದೆ. ತುಮಕೂರು ನಗರದಲ್ಲಿ ಬಡಾವಣೆಯ ಪಾರ್ಕ್ ಮಹಾನಗರ ಪಾಲಿಕೆಯದಾಗಿರಬಹುದು, ಬಡಾವಣೆ ಇನ್ನೂ ಹಸ್ತಾಂತರವಾಗಿರದಿದ್ದರೆ ನಗರಾಭಿವೃದ್ಧಿ ಪ್ರಾಧಿಕಾರದ್ದಾಗಿರಬಹುದು, ಕೆರೆ ಅಂಗಳದಲ್ಲಿದ್ದರೆ ಕೆರೆಗೆ ಸಂಬಂಧಿಸಿದ ಇಲಾಖೆಯ ಮಾತೂ ಬೇಕಾಗಬಹುದು. ಜಾಗ ಒಬ್ಬರದು, ಕಾಮಗಾರಿ ಇನ್ನೊಬ್ಬರದು ಆಗಿರುವುದೂ ಉಂಟು. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ರಾಜ್ಯ ಸರ್ಕಾರ ಮತ್ತು ಪಾಲಿಕೆ ಸಮಪಾಲಿನ ಪ್ರತ್ಯೇಕ ಕಂಪನಿಯ ಮೂಲಕ ಅನೇಕ ಕೆಲಸಗಳು ನಡೆದವು. ಆ ಕೇಂದ್ರ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಅದರಲ್ಲಿ ಆದ ಕೆಲಸವಾದರೆ ಅಂದಾಜುಪಟ್ಟಿ, ಬಿಲ್ಲು, ಗ್ಯಾರಂಟಿ ಕಾಗದಗಳು ಕಂಪನಿಯ ಕಡತದಲ್ಲೂ ಗೇಟಿನ ಕೀಲಿ ಪಾಲಿಕೆಯಲ್ಲೂ ಇರುವ ಸಾಧ್ಯತೆ ಇದೆ. ಕೆಲಸ ಮಾಡಿದವರು ಸರ್ಕಾರಿ ನಿರ್ಮಾಣ ಸಂಸ್ಥೆಗಳಾದ ನಿರ್ಮಿತಿ ಕೇಂದ್ರವೋ ಕೆಆರ್‌ಐಡಿಎಲ್ಲೋ ಆಗಿದ್ದರೆ ಮೂರನೆಯ ಕಡತವೊಂದು ಅಲ್ಲಿರುತ್ತದೆ. ಗೇಟಿನ ಬಳಿಯ ಕಾಮಗಾರಿ ನಾಮಫಲಕದಲ್ಲಿ ಯೋಜನೆಯ ಹೆಸರು, ಮೊತ್ತ, ಕಂಟ್ರಾಕ್ಟರ್ ಹೆಸರು, ಆರಂಭ ಮತ್ತು ಮುಕ್ತಾಯದ ದಿನಾಂಕ ಇರಬೇಕು. ಇದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ. ಫಲಕವೇ ಇಲ್ಲದಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ.

ಇನ್ನು ಮುಚ್ಚುವ ಅಧಿಕಾರ. ಉದ್ಯಾನ, ಆಟದ ಮೈದಾನ ಒದಗಿಸುವುದು ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆಂದು ಗುರುತಿಸಿರುವ ಕೆಲಸ. ತನ್ನ ಪಾರ್ಕನ್ನು ದುರಸ್ತಿಗೋ ಅಪಾಯದ ಕಾರಣಕ್ಕೋ ತಾತ್ಕಾಲಿಕವಾಗಿ ಮುಚ್ಚುವ ತೀರ್ಮಾನವನ್ನು ಪಾಲಿಕೆ ಆಡಳಿತ ತೆಗೆದುಕೊಳ್ಳಬಹುದು, ಅದು ತಪ್ಪಲ್ಲ. ಆದರೆ ಆ ತೀರ್ಮಾನ ಬರಹದಲ್ಲಿರಬೇಕು: ಕಾರಣ ಏನು, ಎಷ್ಟು ಭಾಗ, ಯಾವ ದಿನದಿಂದ ಯಾವ ದಿನದವರೆಗೆ, ಯಾರ ಸಹಿ. ಬಾಯಿಮಾತಿನಲ್ಲಿ ಮುಚ್ಚಿದ ಪಾರ್ಕಿಗೆ ಮುಗಿಯುವ ದಿನಾಂಕ ಇರುವುದಿಲ್ಲ, ದಿನಾಂಕ ಇಲ್ಲದಿದ್ದರೆ ವಿಳಂಬವೆಂಬುದೂ ಇರುವುದಿಲ್ಲ. ಮೇಲಿನಿಂದ ನೋಡುವ ಅಧಿಕಾರಿಗೂ ಹಿಡಿಯಲು ಏನೂ ಸಿಗುವುದಿಲ್ಲ. ನಾನು ಆದೇಶದ ಪ್ರತಿಗೆ ಇಷ್ಟು ಒತ್ತು ಕೊಡುವುದು ಈ ಕಾರಣಕ್ಕೆ.

ಗಲಾಟೆ, ರೋಗ, ವಿಪತ್ತಿನ ಕಾರಣಕ್ಕೆ ಮುಚ್ಚುವ ಆದೇಶ ಬೇರೆ ಜಾತಿಯದು. ಅದು ಜಿಲ್ಲಾಧಿಕಾರಿಯಿಂದ ಬರಬಹುದು. ನಿಷೇಧಾಜ್ಞೆ ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಅದರಾಚೆ ವಿಸ್ತರಿಸಲು ರಾಜ್ಯ ಸರ್ಕಾರದ ಆದೇಶ ಬೇಕು. 2020ರ ಲಾಕ್‌ಡೌನ್ ಬಳಿಕ ರಾಜ್ಯದಲ್ಲಿ ಪಾರ್ಕುಗಳನ್ನು ಮೊದಲು ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7 ಎಂದು ಸಮಯ ಗೊತ್ತುಮಾಡಿ ತೆರೆದರು. ಪೂರ್ತಿ ತೆರೆಯಲಾಗದಿದ್ದರೆ ಇಷ್ಟಾದರೂ ತೆರೆಯಿರಿ ಎಂದು ಕೇಳಲು ಅದು ಒಳ್ಳೆಯ ಮಾದರಿ.

ಶಾಶ್ವತವಾಗಿ ಮುಚ್ಚುವುದು, ಅಥವಾ ಪಾರ್ಕಿನ ಜಾಗವನ್ನು ಕಟ್ಟಡಕ್ಕೋ ಮಳಿಗೆಗೋ ನೀರಿನ ಟ್ಯಾಂಕಿಗೋ ತಿರುಗಿಸುವುದು ಸಂಪೂರ್ಣ ಬೇರೆ ವಿಷಯ. ಕರ್ನಾಟಕ ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ (ಸಂರಕ್ಷಣೆ ಮತ್ತು ನಿಯಂತ್ರಣ) ಕಾಯ್ದೆ 1985ರದು. ಅದರಂತೆ ಸ್ಥಳೀಯ ಸಂಸ್ಥೆ ಇಂಥ ಜಾಗಗಳ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿರುವ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸಲು ಸರ್ಕಾರದ ಪೂರ್ವಾನುಮತಿ ಬೇಕು. ನಿಮ್ಮ ಪಾರ್ಕ್ ಆ ಪಟ್ಟಿಯಲ್ಲಿದೆಯೇ ಎಂದು ಕೇಳಿ. ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಆ ಪ್ರಕರಣ ಹೂಡಿದವರು ಅದೇ ಬಡಾವಣೆಯ ನಿವಾಸಿಗಳು. ತಮ್ಮ ಬಡಾವಣೆಯ ಪಾರ್ಕಿನ ಬಗ್ಗೆ ಕೇಳುವ ಹಕ್ಕು ನಿವಾಸಿಗಳಿಗಿದೆ ಎಂಬುದೂ ಅಲ್ಲಿ ಸ್ಥಿರವಾಯಿತು. ‘ನೀವು ಯಾರು ಕೇಳುವುದಕ್ಕೆ’ ಎಂದು ಯಾರಾದರೂ ಅಂದರೆ ಈ ತೀರ್ಪು ನೆನಪಿರಲಿ.

ಈಗ ಕಡತ ಎಲ್ಲಿ ನಿಲ್ಲುತ್ತದೆ ನೋಡೋಣ. ಕ್ರಿಯಾ ಯೋಜನೆಯಲ್ಲಿ ಕೆಲಸ ಸೇರುತ್ತದೆ, ಅಂದಾಜುಪಟ್ಟಿ ತಯಾರಾಗುತ್ತದೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕರಾರು, ಕಾರ್ಯಾದೇಶ, ಸ್ಥಳ ಹಸ್ತಾಂತರ. ಇಲ್ಲಿಯವರೆಗೆ ಪಾರ್ಕಿಗೆ ಬೀಗ ಬೀಳುವ ಅಗತ್ಯವೇ ಇಲ್ಲ. ಸಾಮಗ್ರಿ ಬಂದು ಅಗೆತ ಶುರುವಾಗುವ ದಿನ ಮುಚ್ಚಿದರೆ ಸಾಕು. ಕಾರ್ಯಾದೇಶದ ಮರುದಿನವೇ ತಗಡು ಹೊಡೆದು, ಕೆಲಸ ತಿಂಗಳ ಬಳಿಕ ಶುರು ಮಾಡುವುದು ಮೊದಲ ನಷ್ಟ. ಎರಡನೆಯದು ಕಾಲಾವಧಿ. ಕಾರ್ಯಾದೇಶದಲ್ಲಿ ಹೇಳಿದ ತಿಂಗಳು ಮುಗಿದರೆ ಕಂಟ್ರಾಕ್ಟರ್ ಕಾರಣ ಕೊಟ್ಟು ಕಾಲಾವಧಿ ವಿಸ್ತರಣೆ ಕೇಳಬೇಕು. ಕಾರಣ ಒಪ್ಪತಕ್ಕದ್ದಲ್ಲದಿದ್ದರೆ ಕರಾರಿನಂತೆ ವಿಳಂಬ ದಂಡ ಹಿಡಿಯಬೇಕು. ನಡೆಯುವುದು ಬೇರೆ: ವಿಸ್ತರಣೆಯ ಕಾಗದ ಅಂತಿಮ ಬಿಲ್ಲಿನ ಜೊತೆಗೆ, ಹಿಂದಿನ ದಿನಾಂಕಕ್ಕೆ ಅನ್ವಯಿಸುವಂತೆ ಹುಟ್ಟುತ್ತದೆ. ಅದಕ್ಕೇ ಕಾಮಗಾರಿ ನಿಂತಿರುವಾಗಲೇ ‘ವಿಸ್ತರಣೆ ಕೊಟ್ಟಿದ್ದೀರಾ, ದಂಡ ಹಾಕಿದ್ದೀರಾ’ ಎಂದು ಕೇಳಬೇಕು. ಈ ಪ್ರಶ್ನೆ ಕಡತ ಸೇರಿತೆಂದರೆ ಎಂಜಿನಿಯರು ಕಂಟ್ರಾಕ್ಟರಿಗೆ ನೋಟಿಸ್ ಬರೆಯಲೇಬೇಕಾಗುತ್ತದೆ. ನೋಟಿಸಿಗೂ ಬಾರದಿದ್ದರೆ ಕರಾರು ರದ್ದುಮಾಡಿ, ಆದ ಕೆಲಸದ ಜಂಟಿ ಅಳತೆ ತೆಗೆದು, ಉಳಿದದ್ದನ್ನು ಅವನ ಹೊಣೆ ಮತ್ತು ಖರ್ಚಿನ ಮೇಲೆ ಬೇರೆಯವರಿಂದ ಮಾಡಿಸುವ ಅವಕಾಶ ಕರಾರಿನಲ್ಲೇ ಇರುತ್ತದೆ.

‘ಬಿಲ್ ಆಗಿಲ್ಲ’ ಎಂಬುದು ಗೇಟು ಮುಚ್ಚಲು ಕಾರಣವಲ್ಲ. ಬಾಕಿ ಹಣದ ತಕರಾರು ಕಂಟ್ರಾಕ್ಟರಿಗೂ ಕೆಲಸ ಕೊಟ್ಟ ಸಂಸ್ಥೆಗೂ ನಡುವಿನದು. ಆದ ಕೆಲಸವನ್ನು ಅಳತೆ ಪುಸ್ತಕದಲ್ಲಿ (ಬಿಲ್ಲಿಗೆ ಆಧಾರವಾಗಿ ಎಂಜಿನಿಯರು ಅಳತೆ ಬರೆದಿಡುವ ದಾಖಲೆ) ದಾಖಲಿಸಿಕೊಂಡರೆ ಅವನ ಹಕ್ಕಿಗೆ ಧಕ್ಕೆಯಿಲ್ಲ. ಕೀಲಿ ಅವನ ಜೇಬಿನಲ್ಲಿ ಇರಬೇಕಾದ ಅಗತ್ಯವೂ ಇಲ್ಲ. ‘ಉದ್ಘಾಟನೆ ಆಗಬೇಕು’ ಎಂಬುದಂತೂ ಯಾವ ಕಾಯ್ದೆಯಲ್ಲೂ ಇಲ್ಲದ ಷರತ್ತು. ಫಲಕ ಆಮೇಲೂ ಹಾಕಬಹುದು. ಮುಗಿದ ಸಾರ್ವಜನಿಕ ಸೌಲಭ್ಯವನ್ನು ಸಮಾರಂಭವಿಲ್ಲದೆ ಅಧಿಕಾರಿಗಳೇ ಬಳಕೆಗೆ ಬಿಡಬಹುದು. ವಯಸ್ಸಾದವರು ಲಾರಿ ಓಡಾಡುವ ರಸ್ತೆಯಲ್ಲಿ ನಡೆಯುತ್ತಿರುವಾಗ ಗಣ್ಯರ ಬಿಡುವಿಗೆ ಕಾಯುವುದು ಅನ್ಯಾಯ. ಇದನ್ನು ಇಷ್ಟೇ ನೇರವಾಗಿ ಮನವಿಯಲ್ಲಿ ಬರೆಯಿರಿ.

ಕೊನೆಯ ಮತ್ತು ಅತಿ ದೊಡ್ಡ ತೊಡಕು ಹಸ್ತಾಂತರ. ಕೆಲಸ ಮಾಡಿದ ವಿಭಾಗದ ಎಂಜಿನಿಯರ್, ನಿರ್ವಹಣೆ ವಹಿಸಿಕೊಳ್ಳುವ ವಿಭಾಗದವರು, ಕಂಟ್ರಾಕ್ಟರ್ ಮೂವರೂ ಒಂದೇ ದಿನ ಸ್ಥಳದಲ್ಲಿ ನಿಂತು ಜಂಟಿ ತಪಾಸಣೆ ಮಾಡಿ, ಸಾಮಾನಿನ ಪಟ್ಟಿ ಬರೆದು ಸಹಿ ಹಾಕಬೇಕು: ಬೆಂಚು ಎಷ್ಟು, ದೀಪದ ಕಂಬ ಎಷ್ಟು, ಪಂಪು ಯಾವುದು, ಜಿಮ್ ಉಪಕರಣದ ಗ್ಯಾರಂಟಿ ಎಲ್ಲಿಯವರೆಗೆ, ದೋಷ ಹೊಣೆಗಾರಿಕೆ ಅವಧಿ (ದೋಷ ಕಂಡರೆ ಕಂಟ್ರಾಕ್ಟರನೇ ಸರಿಪಡಿಸಬೇಕಾದ ಕಾಲ) ಯಾವಾಗ ಮುಗಿಯುತ್ತದೆ. ಬೆಸ್ಕಾಂ ಮೀಟರ್ ಇನ್ನೂ ಕಂಟ್ರಾಕ್ಟರನ ತಾತ್ಕಾಲಿಕ ಸಂಪರ್ಕದಲ್ಲಿದ್ದರೆ ದೀಪ ಉರಿಯುವುದಿಲ್ಲ, ಮೋಟಾರ್ ಓಡುವುದಿಲ್ಲ. ಕಾಯಂ ಸಂಪರ್ಕಕ್ಕೆ ಠೇವಣಿ ಕಟ್ಟಬೇಕು, ಆ ಠೇವಣಿ ಅಂದಾಜಿನಲ್ಲೇ ಇರುವುದಿಲ್ಲ. ವಾಚ್‌ಮನ್ ಮತ್ತು ಮಾಲಿಗೆ ಬೇರೆ ಟೆಂಡರ್ ಬೇಕು, ಅದನ್ನು ಕಾಮಗಾರಿ ಮುಗಿಯುವ ಮೊದಲೇ ಕರೆದಿರುವುದಿಲ್ಲ. ದೋಷ ಹೊಣೆಗಾರಿಕೆ ಅವಧಿ ಶುರುವಾಗುವುದು ಕೆಲಸ ಪೂರ್ಣಗೊಂಡ ದಿನಾಂಕದಿಂದ ಎಂದಿದ್ದರೆ, ಬೀಗದ ಹಿಂದೆ ಕಳೆದ ಪ್ರತಿ ತಿಂಗಳೂ ಆ ಗ್ಯಾರಂಟಿಯಿಂದ ಕಳೆದುಹೋದಂತೆ. ಜನ ಬಳಸದೆ ದೋಷ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಲೆಕ್ಕಪರಿಶೋಧನೆಯವರೂ ಎತ್ತಬಹುದಾದ ಅಂಶ ಇದು. ಪಾಲಿಕೆಗಳ ಲೆಕ್ಕ ನೋಡುವುದು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ. ಖರ್ಚಾಗಿ ಬಳಕೆಗೆ ಬಾರದ ಆಸ್ತಿ ಎಂಬ ಒಂದು ಸಾಲು ವರದಿಯಲ್ಲಿ ಬಂದರೂ ಸಂಸ್ಥೆ ಉತ್ತರ ಕೊಡಬೇಕಾಗುತ್ತದೆ.

ನೀರಿನ ಲೆಕ್ಕವನ್ನೂ ಕೇಳಿ. ಹುಲ್ಲುಹಾಸಿಗೆ ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಹಿಡಿದರೂ ಒಂದು ಎಕರೆಗೆ, ಅಂದರೆ 4,047 ಚದರ ಮೀಟರಿಗೆ, ದಿನಕ್ಕೆ ಸುಮಾರು 20,000 ಲೀಟರ್ ಬೇಕು. 5,000 ಲೀಟರಿನ ಟ್ಯಾಂಕರ್ ನಾಲ್ಕು. ಕುಡಿಯುವ ನೀರಿಗೇ ಬೋರ್‌ವೆಲ್ ಆಳಕ್ಕೆ ಇಳಿಯುವ ನಮ್ಮ ಬಯಲುಸೀಮೆಯಲ್ಲಿ ಯಾವ ವಾರ್ಡಿಗೂ ಇದು ನಡೆಯುವ ಮಾತಲ್ಲ. ಹುಲ್ಲು ಒಣಗುತ್ತದೆ, ‘ಒಣಗಿದ ಪಾರ್ಕನ್ನು ಹೇಗೆ ತೆರೆಯುವುದು’ ಎಂದು ಮತ್ತೆ ಹುಲ್ಲುಹಾಸಿನ ಅಂದಾಜು ಬರುತ್ತದೆ. ಹುಲ್ಲನ್ನು ಒಂದು ಮೂಲೆಗೆ ಸೀಮಿತ ಮಾಡಿ, ಉಳಿದೆಡೆ ಹೊಂಗೆ, ಬೇವು, ನೇರಳೆ ನೆಟ್ಟು, ಮಳೆನೀರು ಇಂಗುವ ಗುಂಡಿ ತೋಡಿದರೆ ಮೊದಲ ಎರಡು ಮೂರು ಬೇಸಿಗೆ ನೀರು ಕೊಟ್ಟ ಮೇಲೆ ಮರಗಳು ತಮ್ಮನ್ನು ತಾವೇ ನೋಡಿಕೊಳ್ಳುತ್ತವೆ. ಇದ್ದ ಮರವನ್ನು ಕಾಮಗಾರಿಗೆಂದು ಕಡಿದಿದ್ದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಪತ್ರದ ಪ್ರತಿ ಕೇಳಿ.

ಹಾಗೆಂದು ತಪಾಸಣೆ ಬಿಟ್ಟು ನಾಳೆಯೇ ಗೇಟು ತೆಗೆಸಿ ಎಂದು ನಾನು ಹೇಳುವುದಿಲ್ಲ. ಜಂಟಿ ತಪಾಸಣೆಯ ದಿನ ನಿಮ್ಮಲ್ಲೂ ಇಬ್ಬರು ಇರುತ್ತೇವೆ ಎಂದು ಬರೆದು ಕೊಡಿ, ಟೇಪು ಹಿಡಿದು ಹೋಗಿ. ಉಯ್ಯಾಲೆ, ಜಾರುಬಂಡೆಗಳ ಸುತ್ತ ಕನಿಷ್ಠ 1.8 ಮೀಟರ್, ಅಂದರೆ ಆರಡಿ, ಖಾಲಿ ಜಾಗ ಬೇಕು. ಬೀಸುವ ಉಯ್ಯಾಲೆಯ ಮುಂದೆ ಹಿಂದೆ ಇನ್ನೂ ಹೆಚ್ಚು. ಅಡಿಯಲ್ಲಿ ಕಾಂಕ್ರೀಟೋ ಕಲ್ಲೋ ಇದ್ದರೆ ಮಕ್ಕಳ ಭಾಗ ತೆರೆಯಕೂಡದು, ಸುಮಾರು 30 ಸೆಂಟಿಮೀಟರ್ ಸಡಿಲ ಮರಳು ಬೇಕು. ಗಾಲಿಕುರ್ಚಿಗೆ ರ‍್ಯಾಂಪ್ ಇಳಿಜಾರು 1:12, ಅಂದರೆ 30 ಸೆಂಟಿಮೀಟರ್ ಮೆಟ್ಟಿಲಿಗೆ 3.6 ಮೀಟರ್ ಉದ್ದ. ಗೇಟಿನಲ್ಲಿ ಬೈಕು ತಡೆಯಲು ಹಾಕುವ ಕಂಬಿ ಗಾಲಿಕುರ್ಚಿಯನ್ನೂ ತಡೆಯುತ್ತಿದೆಯೇ ನೋಡಿ. ದೀಪದ ಕಂಬಗಳಿಗೆ ಅರ್ಥಿಂಗ್, ಪಂಪು ಮತ್ತು ಕಾರಂಜಿಯ ಲೈನಿಗೆ 30 ಮಿಲಿಆಂಪಿಯರ್ ಸೋರಿಕೆ ತಡೆ ಸ್ವಿಚ್ ಇರಲೇಬೇಕು. ಇದಾಗದೆ ಸಂಜೆ ತೆರೆಯಕೂಡದು. ಬತ್ತಿದ ಬೋರ್‌ವೆಲ್ ಬಾಯಿಗೆ ಬೆಸುಗೆ ಹಾಕಿದ ಮುಚ್ಚಳ ಇದೆಯೇ ಎಂದು ಕಣ್ಣಾರೆ ನೋಡಿ. ನಡಿಗೆ ದಾರಿಯ ಕಲ್ಲುಗಳು ಒಂದು ಮಳೆಗೇ ಏಳುಬೀಳಾದರೆ ಕಾರಣ ಕಲ್ಲಲ್ಲ, ಅಡಿಯ ಮಣ್ಣನ್ನು ಸರಿಯಾಗಿ ದಮ್ಮಸ್ಸು ಮಾಡಿಲ್ಲ, ಅಂಚಿಗೆ ಕಟ್ಟೆ ಕಟ್ಟಿಲ್ಲ. ಅಂಥ ಕಡೆ ಎತ್ತಿ ಮತ್ತೆ ಹಾಸುವುದು ಕಂಟ್ರಾಕ್ಟರನ ಖರ್ಚಿನ ಕೆಲಸ.

ಇವುಗಳಲ್ಲಿ ಒಂದೆರಡು ಬಾಕಿ ಇದ್ದರೂ ಪೂರ್ತಿ ಮುಚ್ಚಿಡಬೇಕಿಲ್ಲ. ಹಂತದ ತೆರೆಯುವ ಯೋಜನೆ ಕೇಳಿ: ಮೊದಲ ವಾರ ನಡಿಗೆ ದಾರಿ ಮತ್ತು ಬೆಂಚು, ಹಗಲು ಹೊತ್ತು ಮಾತ್ರ, ಅರ್ಥಿಂಗ್ ಪರೀಕ್ಷೆಯ ವರದಿ ಬಂದ ಮೇಲೆ ಸಂಜೆ, ಮರಳು ತುಂಬಿದ ಮೇಲೆ ಮಕ್ಕಳ ಭಾಗ. ಬಾಕಿ ಭಾಗಕ್ಕೆ ಗಟ್ಟಿ ತಡೆ ಇರಲಿ, ಹಗ್ಗ ಕಟ್ಟಿದರೆ ಸಾಲದು. ಪ್ರತಿ ಹಂತಕ್ಕೂ ದಿನಾಂಕ ಮತ್ತು ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಬರೆದು ಗೇಟಿಗೆ ಅಂಟಿಸಲು ಹೇಳಿ.

ದಾಖಲೆ ಪಡೆಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಇದನ್ನು ಮರೆತ ಅರ್ಜಿಯನ್ನು ತಿರಸ್ಕರಿಸಲು ದಾರಿಯಾಗುತ್ತದೆ. ಶುಲ್ಕ 10 ರೂಪಾಯಿ, ಅಂಚೆ ಆರ್ಡರ್ ಲಗತ್ತಿಸಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ‘ಏಕೆ ತೆರೆದಿಲ್ಲ’ ಎಂದು ಕೇಳಬೇಡಿ, ದಾಖಲೆ ಕೇಳಿ. ಹೀಗೆ ಬರೆದರೆ ಸಾಕು:

“ವಿಷಯ: ... ಬಡಾವಣೆ, ವಾರ್ಡ್ ಸಂಖ್ಯೆ ..., ಉದ್ಯಾನದ ಅಭಿವೃದ್ಧಿ ಕಾಮಗಾರಿ. ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ಕೊಡಿ: ಉದ್ಯಾನವನ್ನು ಸಾರ್ವಜನಿಕರಿಗೆ ಮುಚ್ಚಿದ ಆದೇಶ, ಕಾರ್ಯಾದೇಶ ಮತ್ತು ಕರಾರು, ಅಂದಾಜುಪಟ್ಟಿ, ಈವರೆಗಿನ ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಯಾದ ಬಿಲ್ಲುಗಳು, ಕಾಲಾವಧಿ ವಿಸ್ತರಣೆ, ನೋಟಿಸ್, ದಂಡದ ಪತ್ರಗಳು, ಪೂರ್ಣಗೊಂಡ ಪ್ರಮಾಣಪತ್ರ, ಹಸ್ತಾಂತರ ಪತ್ರ, ನಿರ್ವಹಣೆ ಟೆಂಡರಿನ ದಾಖಲೆ. ಕಡತ ಮತ್ತು ಸ್ಥಳವನ್ನು ಪರಿಶೀಲಿಸಲು ದಿನ ನಿಗದಿಪಡಿಸಿ.”

ಕೊನೆಯ ಸಾಲು ಬಿಡಬೇಡಿ. ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕು 2005ರ ಕಾಯ್ದೆಯಲ್ಲೇ ಇದೆ. ಬೇರೆ ಕಚೇರಿಗೆ ಸೇರಿದ್ದಾದರೆ ಅರ್ಜಿಯನ್ನು ಐದು ದಿನದೊಳಗೆ ಅವರೇ ವರ್ಗಾಯಿಸಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ, ಅದಾದ ಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದಲ್ಲಿ ಕಾಯಬೇಕಾಗುತ್ತದೆ; ಅದಕ್ಕೇ ಅದೊಂದನ್ನೇ ನೆಚ್ಚಬೇಡಿ.

ಜೊತೆಜೊತೆಗೆ ದೂರಿನ ದಾರಿ ನಡೆಯಲಿ. ಆಯುಕ್ತರಿಗೆ ಮನವಿ ಕೊಟ್ಟು, ಇನ್ನೊಂದು ಪ್ರತಿಗೆ ಟಪಾಲು ವಿಭಾಗದ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ, ‘ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡಿ’ ಎಂದು ಬರೆಯಿರಿ. ಹಿಂಬರಹದಲ್ಲಿ ಬಂದ ದಿನಾಂಕ ಮುಂದಿನ ಎಲ್ಲ ಮೇಲ್ಮನವಿಗೆ ಆಧಾರ. ಸರ್ಕಾರದ 1902 ಜನಸ್ಪಂದನ ಸಹಾಯವಾಣಿಯಲ್ಲೂ ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಪಾಲಿಕೆಯ ಮೇಲೆ ನಿಗಾ ಇಡುವುದು ನಗರಾಭಿವೃದ್ಧಿ ಇಲಾಖೆ. ಚುನಾಯಿತ ಕೌನ್ಸಿಲ್ ಇಲ್ಲದ ಕಾಲದಲ್ಲಿ ಅದರ ಅಧಿಕಾರ ಆಡಳಿತಾಧಿಕಾರಿಯ ಕೈಯಲ್ಲಿರುತ್ತದೆ, ಮನವಿಯ ಪ್ರತಿ ಅವರಿಗೂ ಹೋಗಲಿ. ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಗೆ ಒಂದು ವ್ಯತ್ಯಾಸ ಹೇಳಬೇಕು. ಅಲ್ಲಿನ ನಗರಸಭೆಗಳು ನಡೆಯುವುದು 1964ರ ಪುರಸಭೆಗಳ ಕಾಯ್ದೆಯಡಿ, ಪಾಲಿಕೆ ನಡೆಯುವುದು 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಡಿ. ನಗರಸಭೆಯ ದೂರು ಮೊದಲು ಪೌರಾಯುಕ್ತರಿಗೆ, ಆಮೇಲೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ, ಮೇಲೆ ಪೌರಾಡಳಿತ ನಿರ್ದೇಶನಾಲಯಕ್ಕೆ. ನಗರಸಭೆಯ ನಿರ್ಣಯ ಕಾನೂನಿಗೆ ವಿರುದ್ಧವಾಗಿದ್ದರೆ ಅದನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗೆ 306ನೇ ಕಲಮಿನಲ್ಲಿದೆ. ಪಾರ್ಕಿನಲ್ಲಿ ಮಳಿಗೆ ಕಟ್ಟುವ ಠರಾವು ಬಂದರೆ ನೆನಪಿಡಬೇಕಾದ ಕಲಂ ಅದು.

ಆಗದ ಕೆಲಸಕ್ಕೆ ಬಿಲ್ ಪಾವತಿಯಾದದ್ದು ಅಳತೆ ಪುಸ್ತಕದಲ್ಲಿ ಕಂಡರೆ ಮಾತ್ರ ಲೋಕಾಯುಕ್ತಕ್ಕೆ ಹೋಗಿ. ನಿಗದಿತ ನಮೂನೆ ಮತ್ತು ಪ್ರಮಾಣಪತ್ರ ಬೇಕು. ದಾಖಲೆ ಇಲ್ಲದ ಗುಮಾನಿಯ ದೂರು ನಿಲ್ಲುವುದಿಲ್ಲ. ಹೈಕೋರ್ಟಿನ ರಿಟ್ ಕೊನೆಯ ದಾರಿ, ಅಲ್ಲಿಯೂ ಮೊದಲು ಕೇಳುವುದು ‘ಮನವಿ ಕೊಟ್ಟಿದ್ದೀರಾ, ಸ್ವೀಕೃತಿ ಇದೆಯಾ’ ಎಂದೇ.

ಈ ವಾರ ಮಾಡಬೇಕಾದದ್ದು ಇಷ್ಟು: ಗೇಟು, ಫಲಕ, ಒಳಗಿನ ಸ್ಥಿತಿಯ ಫೋಟೊಗಳನ್ನು ದಿನಾಂಕ ಕಾಣುವಂತೆ ತೆಗೆಯಿರಿ. ಆಯುಕ್ತರಿಗೆ ಮನವಿ, ಮಾಹಿತಿ ಅರ್ಜಿ ಎರಡನ್ನೂ ಒಂದೇ ದಿನ ಕೊಡಿ. ಮನವಿಯಲ್ಲಿ ಹತ್ತು ಬೇಡಿಕೆ ಬೇಡ. 15 ದಿನದೊಳಗೆ ಜಂಟಿ ತಪಾಸಣೆ, ಅದರ ಮರುವಾರದಿಂದ ಹಗಲಿನಲ್ಲಿ ನಡಿಗೆ ದಾರಿ ಮುಕ್ತ ಎಂಬ ಎರಡು ಬೇಡಿಕೆ ಸಾಕು. ಹತ್ತು ಮನೆಯವರ ಸಹಿ ಹಾಕಿಸಿ, ಹಿರಿಯ ನಾಗರಿಕರಾಗಿದ್ದರೆ ವಯಸ್ಸನ್ನೂ ಪಕ್ಕದಲ್ಲಿ ಬರೆಸಿ. ಹದಿನಾರನೆಯ ದಿನ ತಪಾಸಣೆ ಆಗಿರದಿದ್ದರೆ ಅದೇ ಮನವಿಯ ಮುದ್ರೆಯಿರುವ ಪ್ರತಿ ಲಗತ್ತಿಸಿ ಮೇಲಿನ ಕಚೇರಿಗೆ ಕಳಿಸಿ.